ಬಲಗಡೆಯವರು

ಎದುರಿಗಿದ್ದವರು ಮಾತನಾಡುವಾಗ ನಮ್ಮ ಅತ್ತೆಯ ತುಟಿಗಳು ತಾವಾಗಿಯೇ ಅಲುಗುತ್ತಿದ್ದವು. ದನಿ ಇರುತ್ತಿರಲಿಲ್ಲ, ಆದರೆ ಮಾತನಾಡುವವರ ಬಾಯಿಂದ ಮುಂದಿನ ಪದ ಹೊರಡುವುದಕ್ಕೆ ಒಂದು ಕ್ಷಣ ಮೊದಲೇ ಆ ಪದದ ಆಕಾರ ಅತ್ತೆಯ ತುಟಿಯ ಮೇಲೆ ಮೂಡಿ ಮಾಯವಾಗಿರುತ್ತಿತ್ತು. ಹೊಸಬರಿಗೆ ಇದು ವಿಪರೀತ ಕಿರಿಕಿರಿ. ಹಾಲು ಹಾಕುವವನು, ವಿಮೆಯ ಏಜೆಂಟು, ಬಾಡಿಗೆ ಏರಿಸಬೇಕೆಂದು ಗಂಟಲು ಸರಿಮಾಡಿಕೊಂಡು ಬಂದ ಮನೆಯ ಮಾಲೀಕ, ಎಲ್ಲರೂ ಅವರೆದುರು ಎರಡು ಮಾತಾಡುವಷ್ಟರಲ್ಲಿ ತಡವರಿಸಿ, ತಾವು ಹೇಳಬಂದದ್ದು ಈಕೆಗೆ ಮೊದಲೇ ಗೊತ್ತಿದೆಯೆಂಬ ಗುಮಾನಿಯಿಂದ ಅರ್ಧಕ್ಕೇ ಮಾತು ನುಂಗಿಕೊಂಡು ಹೋಗುತ್ತಿದ್ದರು. ಮಾಲೀಕ ಬಾಡಿಗೆಯ ಸುದ್ದಿಯನ್ನೇ ಎತ್ತದೆ ಮೆಟ್ಟಿಲಿಳಿದುಹೋದದ್ದನ್ನು ನೆನೆದು ನಾವು ಬಹಳ ಕಾಲ ನಕ್ಕಿದ್ದೇವೆ.

ಅದು ಕಸುಬಿನಿಂದ ಅಂಟಿದ ಅಭ್ಯಾಸ. ನನ್ನ ತಂದೆಯ ತಂಗಿಯಾದ ಈ ಅತ್ತೆ ಆಯುಷ್ಯದ ಬಹುಭಾಗವನ್ನು ಒಂದು ನಾಟಕ ಕಂಪನಿಯಲ್ಲಿ ಪ್ರಾಂಪ್ಟರ್ ಆಗಿ ಕಳೆದವರು. ರಂಗದ ಬಲಬದಿಯ ಪರದೆಯ ಮರೆಯಲ್ಲಿ, ಮಂದ ದೀಪದ ಕೆಳಗೆ, ಗಿಡ್ಡ ಸ್ಟೂಲಿನ ಮೇಲೆ ಕುಳಿತು, ನಟರು ಮಾತು ಮರೆತಾಗ ಪಿಸುದನಿಯಲ್ಲಿ ಎತ್ತಿಕೊಡುವುದು ಅವರ ಕೆಲಸ. ನಾವು ಮಕ್ಕಳು ಅವರನ್ನು ಪಿಸು ಅತ್ತೆ ಎನ್ನುತ್ತಿದ್ದೆವು. ಕತ್ತಲಲ್ಲಿ ಬೆರೆತುಹೋಗಲೆಂದು ಹೊಲಿಸಿಕೊಂಡ ಕಡುನೀಲಿ ಕೋಟನ್ನು ಅವರು ಅಂಗಡಿಗೂ ಆಸ್ಪತ್ರೆಗೂ ತೊಟ್ಟು ಹೋಗುತ್ತಿದ್ದರು. ರಬ್ಬರ್ ಅಟ್ಟೆಯ ಚಪ್ಪಲಿ ಸದ್ದು ಮಾಡುತ್ತಿರಲಿಲ್ಲ. ರಸ್ತೆಯಲ್ಲಿ ಕೂಡ ಗೋಡೆ ಸವರಿಕೊಂಡು, ತುಸು ಓರೆಯಾಗಿ, ಯಾರ ಕಣ್ಣಿಗೂ ಬೀಳಬಾರದೆಂಬಂತೆ ನಡೆಯುತ್ತಿದ್ದರು. ಕೋಟಿನ ಮೇಲ್ಗುಂಡಿ ಮಾತ್ರ ಮಿಕ್ಕವಕ್ಕಿಂತ ದೊಡ್ಡದು. ಮಾತು ಮರೆತ ನಟನ ಕಣ್ಣು ಪರದೆಯತ್ತ ಹೊರಳಿದರೆ ಅದನ್ನು ಉಗುರಿನಿಂದ ಒಮ್ಮೆ ತಟ್ಟಿ, ತಾನಿದ್ದೇನೆಂದು ತಿಳಿಸಿ, ಆಮೇಲೆ ಪದದ ಮೊದಲ ಅಕ್ಷರವನ್ನಷ್ಟೇ ಉಸಿರಿನಲ್ಲಿ ತೇಲಿಬಿಡುತ್ತಿದ್ದರು. "ಪೂರ್ತಿ ಹೇಳ್ಬಾರ್ದು ಕಣೋ. ಪೂರ್ತಿ ಹೇಳಿದ್ರೆ ಅವರಿಗೆ ಅವಮಾನ," ಎಂದು ನನಗೊಮ್ಮೆ ಹೇಳಿದ್ದರು.

ಈ ಕಸುಬಿನ ಮರ್ಮ ಮಾತು ಹೇಳಿಕೊಡುವುದರಲ್ಲಿಲ್ಲ, ಸುಮ್ಮನಿರುವುದರಲ್ಲಿದೆ ಎಂಬುದು ಅವರ ಸಿದ್ಧಾಂತ. ನಟನು ಬೇಕೆಂದೇ ತೆಗೆದುಕೊಂಡ ವಿರಾಮ ಯಾವುದು, ಮಾತು ಮರೆತು ಬಾಯಿ ಕಟ್ಟಿದ ಮೌನ ಯಾವುದು, ಇವೆರಡನ್ನು ಕಣ್ಣುಮುಚ್ಚಿ ಗುರುತಿಸಬಲ್ಲವರು ಮಾತ್ರ ಆ ಸ್ಟೂಲಿನ ಮೇಲೆ ಕೂರಬೇಕು. ವಿರಾಮದ ನಡುವೆ ಪಿಸುಗುಟ್ಟಿದರೆ ದೃಶ್ಯ ಕೆಟ್ಟಿತು. ಮರೆವಿನ ನಡುವೆ ಸುಮ್ಮನಿದ್ದರೆ ನಟ ಕೆಟ್ಟ. ಅತ್ತೆ ಎಂದೂ ತಪ್ಪಿದವರಲ್ಲವಂತೆ. ಅದನ್ನು ಅವರೇ ಹೇಳಿಕೊಳ್ಳುತ್ತಿದ್ದರು, ಸಂಕೋಚವೇನೂ ಇಲ್ಲದೆ.

ಎಂದೂ ತಪ್ಪದವರು ಮನೆಯೊಳಗೆ ತಪ್ಪಿದರು. ಮಾವ ಅದೇ ಕಂಪನಿಯ ನಟ. ರಾಜನ ಪಾತ್ರವೆಂದರೆ ಅವರದೇ. ಕಂಪನಿಯವರು ಅವರನ್ನು ರಂಗದ ಹೊರಗೂ ದೊರೆ ಎಂದೇ ಕರೆಯುತ್ತಿದ್ದರು, ಅವರೂ ಆ ಹೆಸರಿಗೆ ತಕ್ಕ ಹಾಗೆ ಕೊತ್ತಂಬರಿ ಸೊಪ್ಪಿನ ಚೌಕಾಸಿಯನ್ನೂ ಪಟ್ಟಾಭಿಷೇಕದ ದನಿಯಲ್ಲೇ ಮಾಡುತ್ತಿದ್ದರು. ದೀರ್ಘ ವಿರಾಮಗಳಿಗೆ ಹೆಸರಾದವರು. ಹೀಗಾಗಿ ಅವರು ಬೀಗದ ಕೈ ಹಿಡಿದುಕೊಂಡು ಬಾಗಿಲೆದುರು ಸುಮ್ಮನೆ ನಿಂತಾಗ, ತಟ್ಟೆಯ ಮುಂದೆ ಕುಳಿತು ತುತ್ತೆತ್ತುವುದನ್ನು ಬಿಟ್ಟು ಎಲ್ಲೋ ನೋಡಿದಾಗ, ಮಗಳ ಹೆಸರಿಗಾಗಿ ಗಾಳಿಯಲ್ಲಿ ಕೈಯಾಡಿಸಿದಾಗ, ಅತ್ತೆ ವೃತ್ತಿಧರ್ಮದಂತೆ ಉಸಿರು ಬಿಗಿಹಿಡಿದು ಕಾದರು. "ಇವರದ್ದು ಯಾವಾಗ್ಲೂ ಹೀಗೇ, ಸಮಯ ತಗೋತಾರೆ," ಎಂದು ನಮ್ಮನ್ನೂ ಸುಮ್ಮನಾಗಿಸಿದರು. ಬೇರೆ ಯಾವ ಹೆಂಡತಿಯಾದರೂ ಬೆಚ್ಚಿಬಿದ್ದು ಡಾಕ್ಟರ ಬಳಿಗೆ ಓಡುತ್ತಿದ್ದ ಕಾಲದಲ್ಲಿ ಈಕೆ ಗಂಡನ ಅಭಿನಯವನ್ನು ಮೆಚ್ಚುತ್ತ ಕುಳಿತಿದ್ದರು. ಅದು ಮರೆವು ಎಂದು ಅರಿವಾಗುವಷ್ಟರಲ್ಲಿ ಮಾವ ಬಹಳ ದೂರ ಹೋಗಿಬಿಟ್ಟಿದ್ದರು.

ಆಮೇಲೆ ಶುರುವಾಯಿತು ನಮ್ಮ ಪೀಕಲಾಟ. ನಾನು ಸ್ವಭಾವದಿಂದಲೇ ಪುಕ್ಕಲ. ಫೋನು ಬಡಿದುಕೊಂಡರೆ ಮೊದಲು ನನ್ನ ಎದೆ ಬಡಿದುಕೊಳ್ಳುತ್ತದೆ. ಆ ದಿನಗಳಲ್ಲಿ ಹೊತ್ತುಗೊತ್ತಿಲ್ಲದೆ ಫೋನು ಮಾಡುತ್ತಿದ್ದವಳು ಅತ್ತೆಯ ಮಗಳು. ಅವಳು ಔಷಧಿ ಅಂಗಡಿ ನಡೆಸುತ್ತಾಳೆ, ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಗಂಡ ಮತ್ತು ಗಂಡನ ತಂದೆತಾಯಿಯ ಜೊತೆ ವಾಸ, ಏಣಿಯಂಥ ಮೆಟ್ಟಿಲು. ಅಲ್ಲಿಗೆ ದೊರೆಯನ್ನು ಹತ್ತಿಸುವುದಾದರೂ ಹೇಗೆ, ಇಳಿಸುವುದಾದರೂ ಹೇಗೆ? ಮನೆಯಲ್ಲೇ ನೋಡಿಕೊಳ್ಳಲೆಂದು ಒಬ್ಬಾಕೆಯನ್ನು ಗೊತ್ತು ಮಾಡಿದೆವು. ಒಳ್ಳೆಯ ಹೆಂಗಸು, ಆದರೆ ತಾನು ಮಾಡುವ ಪ್ರತಿ ಕೆಲಸವನ್ನೂ ಮಾಡುವ ಮೊದಲೇ ಪಕ್ಕದಿಂದ ಯಾರೋ ಉಸುರುತ್ತಿದ್ದರೆ ಯಾರು ತಾನೇ ನಿಂತಾರು? "ನಂಗೆ ನನ್ನ ತಲೆಯೊಳಗೇ ಇನ್ನೊಬ್ಬರು ಕೂತಂಗಾಗುತ್ತೆ ಸಾರ್," ಎಂದು ನನ್ನ ಬಳಿ ಹೇಳಿ ಕೆಲಸ ಬಿಟ್ಟಳು.

ಕೊನೆಗೆ ಉಳಿದದ್ದು ಹಿರಿಯರ ನಿವಾಸ. ಒಂದನ್ನು ಹೋಗಿ ನೋಡಿದೆವು: ಅಗಲವಾದ ಬಾಗಿಲುಗಳು, ಗೋಡೆಯುದ್ದಕ್ಕೂ ಹಿಡಿಕಂಬಿ, ಫಿನಾಯಿಲಿನ ವಾಸನೆ, ಕಾರಿಡಾರಿನ ತುದಿಯಲ್ಲಿ ಯಾರೂ ನೋಡದ ಟಿವಿ. ಕೆಳಗಿನ ಅಂತಸ್ತಿನಲ್ಲಿ ದಂಪತಿಗಳಿಗೆ ಜೋಡಿ ಕೋಣೆಗಳಿದ್ದವು, ಆದರೆ ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲವರಿಗೆ ಮಾತ್ರ. ಮೇಲಿನದು ಮರೆವಿನವರ ಅಂತಸ್ತು. ಬಾಗಿಲಿಗೆ ಸದಾ ಬೀಗ, ಹಗಲೂ ರಾತ್ರಿ ಕಾವಲು, ಜೋಡಿಗಳಿಗೆ ಜಾಗವಿಲ್ಲ. ಕೆಳಗಿನವರು ಅದನ್ನು ಮೇಲ್ಮನೆ ಎಂದು ಕರೆದು, ಯಾರನ್ನಾದರೂ ಅಲ್ಲಿಗೆ ಸಾಗಿಸಿದರೆ ಮೇಲ್ಮನೆಗೆ ಆಯ್ಕೆಯಾದರು ಎಂದು ನಗುತ್ತಿದ್ದರಂತೆ, ನಕ್ಕು ತಮ್ಮ ಕೋಣೆಗೆ ಹೋಗಿ ಇವತ್ತು ಯಾವ ವಾರವೆಂದು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರಂತೆ. ಯಾರು ಎಲ್ಲಿಗೆ ಎಂಬುದನ್ನು ಮುಖ್ಯ ನರ್ಸು ಕೆಲವು ಪ್ರಶ್ನೆ ಕೇಳಿ ನಿರ್ಧರಿಸುತ್ತಾರೆ. ಹೊರಗೆ ಬಂದ ಮೇಲೆ ಅತ್ತೆ ಹೇಳಿದ್ದು ಒಂದೇ ಮಾತು: "ನಾವಿಬ್ರೂ ಕೆಳಗೇ ಇರ್ತೀವಿ."

ಪ್ರಶ್ನೆ ಕೇಳುವ ದಿನ ನಾನು ಹಿಂದಿನ ಕುರ್ಚಿಯಲ್ಲಿದ್ದೆ. ಮಾವನ ಬಲಕ್ಕೆ, ಅರ್ಧ ಅಡಿ ಹಿಂದೆ, ಕೋಟು ತೊಟ್ಟ ಅತ್ತೆ. ಇದು ಯಾವ ತಿಂಗಳು ಎಂದು ನರ್ಸು ಕೇಳಿದರು. ಮಾವ ಗಂಭೀರವಾಗಿ ಮುಖವನ್ನು ತುಸು ಬಲಕ್ಕೆ ತಿರುಗಿಸಿದರು. ಗುಂಡಿಯ ಮೇಲೆ ಉಗುರು ತಟ್ಟಿದ ಸಣ್ಣ ಸದ್ದು, ಹಿಂದೆಯೇ ನರ್ಸಿಗೆ ಕೇಳಿಸದಂಥ ಒಂದು ಉಸಿರು. ಮಾವ ತಿಂಗಳನ್ನು ಸಿಂಹಾಸನದಿಂದ ಘೋಷಿಸಿದರು. ಗ್ಯಾಸಿನ ವಾಸನೆ ಬಂದರೇನು ಮಾಡುತ್ತೀರಿ? ಮತ್ತೆ ಬಲಕ್ಕೆ ತಿರುಗಿದ ಮುಖ, ಮತ್ತೆ ಉಗುರು, ಮತ್ತೆ ಉಸಿರು, "ಕಿಟಕಿಗಳನ್ನೆಲ್ಲ ತೆರೆದು, ಎಲ್ಲರನ್ನೂ ಆಚೆ ಕಳಿಸಿ, ಕೊನೆಗೆ ನಾನು ಹೊರಡ್ತೀನಿ." ನರ್ಸಿನ ಮುಖದಲ್ಲಿ ಮೆಚ್ಚುಗೆ. ಈಗ ಸಿಕ್ಕಿಬೀಳುತ್ತಾರೆ, ಇನ್ನೊಂದು ಪ್ರಶ್ನೆಗೆ ಖಂಡಿತ ಸಿಕ್ಕಿಬೀಳುತ್ತಾರೆ ಎಂದು ನಾನು ಜೀವ ಕೈಯಲ್ಲಿ ಹಿಡಿದು ಕುಳಿತಿದ್ದೆ. ಅತ್ತೆ ಮಾತ್ರ ನಿಶ್ಚಲರಾಗಿ, ನೆಲ ನೋಡುತ್ತ, ಬದುಕಿನ ಅತ್ಯುತ್ತಮ ಪ್ರದರ್ಶನವನ್ನು ಯಾರಿಗೂ ಕಾಣದಂತೆ ನಡೆಸಿಕೊಟ್ಟರು. ಜೋಡಿ ಕೋಣೆ ಸಿಕ್ಕಿತು. ಮಗಳು ಸಂತೋಷದಿಂದ ಅತ್ತಳು, ಅಪ್ಪ ಇಷ್ಟು ಚೆನ್ನಾಗಿದ್ದಾರೆಂದು ತನಗೇ ಗೊತ್ತಿರಲಿಲ್ಲವೆಂದಳು.

ಆದರೆ ಪಾಸಾದವರಿಗೆ ಸಹಾಯವಿಲ್ಲ. ಮಾವ ಸ್ವತಂತ್ರರೆಂದು ಅಲ್ಲಿ ನಿಶ್ಚಯವಾಗಿತ್ತು. ಆದ್ದರಿಂದ ಸ್ನಾನಕ್ಕೆ, ಮಾತ್ರೆಗೆ, ಹೊರಬಾಗಿಲಿಗೆ ಯಾರೂ ಅವರ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ. ಎಲ್ಲವೂ ಅತ್ತೆಯ ಉಸಿರಿನ ಮೇಲೆ ನಿಂತಿತ್ತು. ಹಲ್ಲುಜ್ಜುವ ಬ್ರಷ್ ಯಾವುದು, ಅಂಗಿಯ ತೋಳು ಯಾವುದು, ಎದುರು ಕೋಣೆಯವರಿಗೆ ನಮಸ್ಕಾರವೆನ್ನಬೇಕೆಂಬುದು ಕೂಡ. ಭೇಟಿಗೆ ಹೋದಾಗಲೆಲ್ಲ ಅವರು ಇನ್ನಷ್ಟು ಸಣ್ಣಗಾಗಿರುತ್ತಿದ್ದರು. ಕೋಟು ಮಾತ್ರ ಮೊದಲಿನ ಅಳತೆಯದೇ. "ನಿದ್ದೆ ಮಾಡ್ತೀರಾ ಅತ್ತೆ?" ಎಂದರೆ, "ನಾಟಕ ನಡೀತಿರೋವಾಗ ನಿದ್ದೆ ಮಾಡ್ತಾರೇನೋ?" ಎನ್ನುತ್ತಿದ್ದರು. ನರ್ಸಿಗೆ ಹೇಳಿಬಿಡೋಣ ಎಂದರೆ ನನ್ನ ಕೈ ಹಿಡಿದುಕೊಂಡು, "ಅವರನ್ನ ಮೇಲೆ ಕೂಡಿಹಾಕ್ತಾರೆ. ಮಾತು ಮರೆತು ಬಲಗಡೆ ತಿರುಗಿದ್ರೆ ಅಲ್ಲಿ ಯಾರಿರ್ತಾರೆ?" ಎಂದು ಕೇಳುತ್ತಿದ್ದರು. ನಾನು ನರ್ಸಿನ ಕೋಣೆಯನ್ನು ದಾಟಿಕೊಂಡು ಮನೆಗೆ ಹೊರಡುತ್ತಿದ್ದೆ.

ಒಂದು ದಿನ ಅತ್ತೆಯ ಹಲ್ಲು ನೋವು ತಡೆಯಲಾರದಷ್ಟಾಗಿ, ಮಗಳು ಬಂದು ಬಲವಂತದಿಂದ ದಂತವೈದ್ಯರ ಬಳಿಗೆ ಕರೆದೊಯ್ದಳು. ಹೊರಡುವ ಮುಂಚೆ ಅತ್ತೆ ಮಾವನನ್ನು ಮಂಚದ ಮೇಲೆ ಕೂರಿಸಿ, ಬರುವವರೆಗೆ ಏಳಬಾರದೆಂದು ಹೇಳಿದ್ದರು. ಮಾವ ಎದ್ದರು. ಸ್ನಾನದ ಕೋಣೆಗೆ ಹೋಗಿ ಬಿಸಿನೀರಿನ ನಲ್ಲಿ ತಿರುಗಿಸಿದರು. ಮುಂದೇನು ಎಂಬುದು ಹೊಳೆಯಲಿಲ್ಲ. ಬಾಗಿಲಡಿಯಿಂದ ಹಬೆ ಬರುವುದನ್ನು ಕಂಡು ಆಯಾ ಓಡಿಬಂದು ನೋಡಿದರೆ, ನೀರು ಪಾದದ ಮೇಲೇ ಸುರಿಯುತ್ತಿದೆ, ದೊರೆ ನಿಂತ ಜಾಗ ಬಿಟ್ಟು ಕದಲದೆ, ಮುಖವನ್ನು ಬಲಕ್ಕೆ ತಿರುಗಿಸಿ, ಸ್ನಾನದ ಹೊತ್ತಿಗೆ ಅತ್ತೆ ಕೂರುತ್ತಿದ್ದ ಖಾಲಿ ಸ್ಟೂಲನ್ನು ನೋಡುತ್ತ ಕಾಯುತ್ತಿದ್ದಾರೆ. ಒಂದು ಪಾದದ ಚರ್ಮ ಪೂರ್ತಿ ಸುಲಿದಿತ್ತು.

ಈ ಸುದ್ದಿ ಹೇಳುವಾಗ ಆಯಾಗೆ ತಿಳಿಯದ್ದು ಮಗಳಿಗೆ ಹೊಳೆಯಿತು. ತಾಯಿಯಿಂದ ಎಲ್ಲವನ್ನೂ ಬಾಯಿಬಿಡಿಸಿದಳು. "ಅಮ್ಮ, ನೀನು ಅಪ್ಪನ್ನ ಪಾಸ್ ಮಾಡಿಸ್ಲಿಲ್ಲ. ಅವರಿಗೆ ಕಷ್ಟ ಇದೆ ಅನ್ನೋದನ್ನ ಮುಚ್ಚಿಟ್ಟೆ," ಎಂದಳು, ಅಂದಮೇಲೆ ತಾನೇ ತಾಯಿಯ ಮಡಿಲಲ್ಲಿ ತಲೆಯಿಟ್ಟಳು. ಗಾಯವಾದ ಕಾರಣ ಮುಖ್ಯ ನರ್ಸು ಮಾವನನ್ನು ಮತ್ತೊಮ್ಮೆ ಪರೀಕ್ಷಿಸಲು ಬರುವವರಿದ್ದರು. ಅವರು ಬರುವ ಮುಂಚೆ ಕಾರಿಡಾರಿನಲ್ಲಿ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದರು.

"ನಾನು ಹೇಳಿಕೊಟ್ರೆ ಇವರು ಇಲ್ಲೇ ಇರ್ತಾರೆ, ಅಲ್ವೇನೋ?"

"ಹೂಂ ಅತ್ತೆ."

"ಹೇಳಿಕೊಡದಿದ್ರೆ?"

"ಮೇಲಕ್ಕೆ ಕರ್ಕೊಂಡು ಹೋಗ್ತಾರೆ. ನೀವು ಕೆಳಗೆ."

ಅವರು ಕೋಟಿನ ಗುಂಡಿಯನ್ನು ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಮಾಡುತ್ತ ಬಹಳ ಹೊತ್ತು ನಿಂತರು. "ನನಗೆ ಭಯ ಆಗ್ತಿದೆ ಕಣೋ," ಎಂದರು. ಅಷ್ಟು ವರ್ಷಗಳಲ್ಲಿ ಅವರು ಆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನಗೂ ಭಯವಾಗಿತ್ತು, ಅವರು ಹೇಳಿಕೊಡುತ್ತಾರೆಂದೂ ಭಯ, ಹೇಳಿಕೊಡುವುದಿಲ್ಲವೆಂದೂ ಭಯ.

ಮಾವ ಮಂಚದ ಮೇಲೆ ಬ್ಯಾಂಡೇಜಿನ ಕಾಲು ನೀಡಿಕೊಂಡು ಕುಳಿತಿದ್ದರು. ಬಲಗಡೆ ಅತ್ತೆ. ಮುಖ್ಯ ನರ್ಸು ಕುರ್ಚಿಯೆಳೆದುಕೊಂಡು ಕುಳಿತು ತಿಂಗಳು ಕೇಳಿದರು. ಮಾವ ಬಲಕ್ಕೆ ತಿರುಗಿದರು. ಅತ್ತೆ ಎರಡು ಕೈಗಳನ್ನೂ ತೊಡೆಯ ಸಂದಿನಲ್ಲಿ ಒತ್ತಿಹಿಡಿದುಕೊಂಡಿದ್ದರು. ತುಟಿಗಳನ್ನು ಹಲ್ಲಿನಿಂದ ಕಚ್ಚಿದ್ದರು. ಮಾವ ಕಾದರು. ನರ್ಸು ಊರಿನ ಹೆಸರು ಕೇಳಿದರು, ಮಗಳ ಹೆಸರು ಕೇಳಿದರು; ಪ್ರತಿ ಸಲವೂ ಆ ಮುಖ ಅದೇ ಭರವಸೆಯಿಂದ ಬಲಕ್ಕೆ ತಿರುಗಿ, ಕಾದು, ಏನೂ ಸಿಗದೆ ಹಿಂತಿರುಗಿತು. ನನಗಂತೂ ಉತ್ತರವನ್ನು ಕೂಗಿಬಿಡೋಣವೆನಿಸಿತು. ಕೊನೆಗೆ ನರ್ಸು ದನಿ ತಗ್ಗಿಸಿ, "ಪಕ್ಕದಲ್ಲಿರೋರು ಯಾರು ಗೊತ್ತಾ?" ಎಂದರು.

ಮಾವ ಅತ್ತೆಯನ್ನು ನೋಡಿದರು. "ಹೆಸರು ಬರ್ತಿಲ್ಲ," ಎಂದರು. "ಇವರು ನನ್ನ ಬಲಗಡೆಯವರು."

ಆಮೇಲೆ ಅತ್ತೆಯ ಕಡೆ ಬಾಗಿ, ರಾಜಗಾಂಭೀರ್ಯವನ್ನೆಲ್ಲ ಬದಿಗಿಟ್ಟ, ನಾವು ಕೇಳಿಯೇ ಇರದ ಸಣ್ಣ ದನಿಯಲ್ಲಿ ಕೇಳಿದರು: "ಯಾಕೆ, ಇವತ್ತು ನಿಮಗೆ ಹುಷಾರಿಲ್ವಾ?"

ಅತ್ತೆ ಆಗಲೂ ತೊಡೆಯ ಸಂದಿನಿಂದ ಕೈ ತೆಗೆಯಲಿಲ್ಲ. ನರ್ಸು ಪೆನ್ನಿನ ಮುಚ್ಚಳ ಹಾಕಿ, ಅದನ್ನು ಜೇಬಿಗೆ ಸಿಕ್ಕಿಸಿಕೊಳ್ಳಲು ಎರಡು ಸಲ ಪ್ರಯತ್ನಿಸಿದರು.

ಈಗ ಮಾವ ಮೇಲಿದ್ದಾರೆ. ಕಾಲು ವಾಸಿಯಾಗಿದೆ, ನೀರಿನ ಬಿಸಿಯನ್ನು ಆಯಾ ಮೊದಲು ತನ್ನ ಕೈ ಮೇಲೆ ಹಾಕಿಕೊಂಡು ನೋಡುತ್ತಾಳೆ, ಅವರ ಮುಖದಲ್ಲಿ ನೆಮ್ಮದಿಯಿದೆ, ಅದನ್ನು ಕಂಡರೆ ನನಗೆ ಅತ್ತೆಯ ಪರವಾಗಿ ಸಿಟ್ಟು ಬರುವಷ್ಟು. ಅತ್ತೆ ಕೆಳಗೆ, ಕಿವಿ ಕೇಳಿಸದ ಹೆಂಗಸೊಬ್ಬರ ಜೊತೆ ಕೋಣೆ ಹಂಚಿಕೊಂಡಿದ್ದಾರೆ. ಬೆಳಿಗ್ಗೆ ಮೇಲಿನ ಬಾಗಿಲು ತೆರೆಯುತ್ತಲೇ ಹತ್ತಿಹೋಗಿ, ಸಂಜೆ ಮುಚ್ಚುವಾಗ ಇಳಿದುಬರುತ್ತಾರೆ. ಅಲ್ಲಿಯವರೆಗೆ ಮಾವನ ಬಲಗಡೆ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಹೇಳಿಕೊಡುವುದಕ್ಕೆ ಈಗ ಏನೂ ಇಲ್ಲ. ಅತ್ತೆಯ ತುಟಿಗಳೂ ಅಲುಗುವುದನ್ನು ನಿಲ್ಲಿಸಿವೆ, ನನಗೆ ಅದೇ ದಿಗಿಲು.

ಕಳೆದ ಸಲ ಹೋದಾಗ, ಮಾವನ ಕಿರೀಟ ರಂಗದ ಮೇಲೆ ಜಾರಿದ ಹಳೆಯ ಪ್ರಸಂಗವನ್ನು ಹೇಳುತ್ತಿದ್ದ ಅತ್ತೆ ನಡುವೆ ನಿಂತುಬಿಟ್ಟರು. ನಾನು ನೂರು ಸಲ ಕೇಳಿದ ಕಥೆ, ಮುಂದಿನ ಮಾತು ನನಗೆ ಗೊತ್ತು. ಕಾದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು. ನನಗೇ ತಿಳಿಯದಂತೆ ನನ್ನ ತುಟಿ ಅಲುಗುತ್ತಿತ್ತು.

ಯಾವ ಮನೆಯನ್ನಾದರೂ ನೋಡಿ, ಇಂಥವರೊಬ್ಬರು ಇದ್ದೇ ಇರುತ್ತಾರೆ. ಬೇರೆಯವರ ವಾಕ್ಯ ಪೂರ್ತಿಯಾಗಲೆಂದು ತಮ್ಮ ಉಸಿರನ್ನು ಬಿಗಿಹಿಡಿದು ಬದಿಯಲ್ಲಿ ಕುಳಿತವರು. ಅವರು ಎತ್ತಿಕೊಟ್ಟ ಮಾತನ್ನು ನಮ್ಮದೆಂದೇ ಆಡಿ ನಾವು ದೊರೆಗಳಾಗುತ್ತೇವೆ. ಅವರಿಗೂ ವಯಸ್ಸಾಗುತ್ತಿದೆ ಎಂಬುದು ನಮ್ಮ ಗಮನಕ್ಕೆ ಬರುವುದಿಲ್ಲ, ಏಕೆಂದರೆ ನಾವು ಅವರ ಕಡೆ ತಿರುಗುವುದು ನಮಗೆ ಮಾತು ಸಿಗದಾಗ ಮಾತ್ರ. ಹೀಗಾಗಿ ಒಂದು ದಿನ ಅವರೇ ಮಾತು ನಿಲ್ಲಿಸಿ ಎಲ್ಲೋ ನೋಡಿದರೆ, ಅದು ವಿರಾಮವೋ ಮರೆವೋ ಎಂದು ಗುರುತಿಸುವ ವಿದ್ಯೆ ನಮ್ಮಲ್ಲಿ ಯಾರಿಗೂ ಬಂದಿರುವುದಿಲ್ಲ.