ಗೆರೆ ಗುಮಾಸ್ತರು

ಅವರನ್ನು ಮೊದಲು ಕಂಡ ದಿನ ಅವರು ಎರಡೂ ಕಾಲೆತ್ತಿ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ನಾನು ನೆಲ ಒರೆಸಿದೆ, ನೆಲ ಒಣಗಿತು, ಆದರೂ ಕಾಲಿಳಿಸಲಿಲ್ಲ. ಒರೆಸಿದ ನೆಲ ತುಳಿಯಲು ಅವರಿಗೆ ಅದೆಂಥದೋ ಸಂಕೋಚ. ನಡೆಯುವಾಗಲೂ ಗೋಡೆಗೆ ಒತ್ತಿಕೊಂಡು, ತುದಿಗಾಲಲ್ಲಿ, ಕಳ್ಳಬೆಕ್ಕಿನ ಹಾಗೆ ಸಾಗುತ್ತಿದ್ದರು. ಯಾವ ವಾರ್ಡಿನಲ್ಲಿ ದಿನಕ್ಕೆಷ್ಟು ರೋಗಿಗಳು ಎಂಬುದನ್ನು ಕಂಪ್ಯೂಟರಿನಲ್ಲಿ ಬಣ್ಣದ ಗೆರೆಗಳಾಗಿ ತೋರಿಸುವುದು ಅವರ ಕೆಲಸ. ಹಾಗಾಗಿ ಆಸ್ಪತ್ರೆಗೆಲ್ಲ ಅವರು ಗೆರೆ ಗುಮಾಸ್ತರು.

ಒಂದು ದಿನ ಪರದೆಯನ್ನು ನನ್ನತ್ತ ತಿರುಗಿಸಿ, “ನೋಡಿ ಅಮ್ಮ, ಇದರಲ್ಲಿ ನಿಮ್ಮ ಕಣ್ಣಿಗೆ ಮೊದಲು ಬೀಳೋದು ಯಾವುದು?” ಎಂದರು. ನನಗೆ ರುಜು ಹಾಕುವಷ್ಟೇ ಅಕ್ಷರ ಬರುವುದು ಎಂದೆ. ಓದುವುದು ಬೇಡ, ನೋಡಿದರೆ ಸಾಕು ಎಂದರು. ಗೆರೆಗಳ ಹಿಂದಿನ ಕಿಟಕಿ ಸರಳಿನಂಥ ಚೌಕುಳಿಯೇ ಮೊದಲು ಕಾಣುತ್ತದೆ, ಗೆರೆ ಆಮೇಲೆ ಎಂದೆ. ಅವರ ಮುಖ ಅರಳಿತು. ಎರಡು ಸಾಲು ಕುಟ್ಟಿದರು ನೋಡಿ, ಹದಿನಾಲ್ಕು ಚಿತ್ರಗಳ ಚೌಕುಳಿ ಒಮ್ಮೆಗೇ ಮಾಯ. ಅದಕ್ಕೆ ಮ್ಯಾಕ್ರೋ ಎನ್ನುತ್ತಾರಂತೆ. ಮಾಡಬೇಕಾದ್ದನ್ನು ಒಮ್ಮೆ ಬರೆದಿಟ್ಟರೆ ಯಂತ್ರ ತಾನೇ ಮಾಡಿಕೊಂಡು ಹೋಗುತ್ತದೆ.

ಮೊಣಕೈ ತೂತುಬಿದ್ದ ಬೂದು ಸ್ವೆಟರಿನ ಆ ಮನುಷ್ಯನಿಗೆ ಒಂದೇ ಹಟ: ಒಂದು ಚುಕ್ಕೆಯ ಬಣ್ಣವನ್ನೂ ಕೈಯಿಂದ ಬದಲಾಯಿಸರು. ಎರಡು ನಿಮಿಷದ ಕೆಲಸಕ್ಕೆ ಅರ್ಧ ದಿನ ಕೂತು ಮ್ಯಾಕ್ರೋ ಬರೆಯುವರು. ತಲೆ ಬಾಚೋಕೂ ಮ್ಯಾಕ್ರೋ ಇದೆಯಾ ಸಾರ್ ಎಂದು ಮಕ್ಕಳ ವಾರ್ಡಿನ ನರ್ಸಮ್ಮ ಕಿಚಾಯಿಸಿದಾಗ, ಬೋಳುತಲೆ ಸವರಿಕೊಂಡು, “ಬರೀತಿದ್ದೆ ಸಿಸ್ಟರ್. ಮುಗಿಸೋ ಹೊತ್ತಿಗೆ ಕೂದಲೇ ಉಳಿದಿರಲಿಲ್ಲ” ಎಂದರು.

ಆ ನರ್ಸಮ್ಮ ಒಬ್ಬಳೇ ಮೂವತ್ತು ಮಕ್ಕಳನ್ನು ನೋಡುತ್ತಿದ್ದಳು. ಒಬ್ಬ ಹೊಸ ನರ್ಸ್ ಬರುವುದಿತ್ತು. ಯಾರ ಗೆರೆ ಎತ್ತರವೋ ಆ ವಾರ್ಡಿಗೆ ಎಂದಿದ್ದರು ದೊಡ್ಡ ಡಾಕ್ಟರು. ಅದನ್ನು ತೀರ್ಮಾನಿಸುವ ಸಭೆಯ ದಿನ ಮಕ್ಕಳ ವಾರ್ಡು ಗುಡಿಸಿ ಗುಮಾಸ್ತರ ಕೋಣೆಗೆ ಬಂದೆ. ಪರದೆಯ ಮೇಲೆ ಮಕ್ಕಳ ವಾರ್ಡಿನ ಕೆಂಪು ಗೆರೆ ತಳ ಕಚ್ಚಿತ್ತು. ಕಣ್ಣಿನ ವಾರ್ಡಿನ ನೀಲಿ ಎಲ್ಲಕ್ಕಿಂತ ಮೇಲಿತ್ತು.

“ಅಲ್ಲಿ ಒಂದೊಂದು ಮಂಚಕ್ಕೆ ಇಬ್ಬಿಬ್ಬರು ಮಕ್ಕಳಿದಾರೆ ಸ್ವಾಮಿ. ನಿಮ್ಮ ಕೆಂಪು ಯಾಕೆ ಮಲಗಿಬಿಟ್ಟಿದೆ?”

ಅವರು ನನ್ನನ್ನೂ ಪರದೆಯನ್ನೂ ನೋಡಿ, ವಾರ್ಡುಗಳ ಪಟ್ಟಿ ತೆರೆದರು. ಮೂರನೆಯ ಗೆರೆಗೆ ಕೆಂಪು ಬಳಿದು ಮಕ್ಕಳ ವಾರ್ಡೆಂದು ಬರೆ ಎಂದು ಮ್ಯಾಕ್ರೋಗೆ ಎಣಿಕೆಯಿಂದ ಹೇಳಿಟ್ಟಿದ್ದರು. ಮೊನ್ನೆ ತೆರೆದ ಸುಟ್ಟಗಾಯದ ವಾರ್ಡು ಪಟ್ಟಿಯಲ್ಲಿ ಮೂರನೆಯದಾಗಿ ನುಸುಳಿ ಮಕ್ಕಳ ಕೆಂಪನ್ನೂ ಹೆಸರನ್ನೂ ಪಡೆದಿತ್ತು. ಮಕ್ಕಳು ನಾಲ್ಕಕ್ಕೆ ಜಾರಿ ಕಣ್ಣಿನ ವಾರ್ಡಿನ ನೀಲಿಯನ್ನೂ ಹೆಸರನ್ನೂ ಹೊತ್ತಿದ್ದರು. ಆ ಚಿತ್ರ ಆಗಲೇ ಸಭೆ ಸೇರಿತ್ತು. ಗುಮಾಸ್ತರು ನಾನು ಒರೆಸಿ ಬಂದಿದ್ದ ಹಸಿ ನೆಲವನ್ನು ನಟ್ಟನಡುವೆಯೇ ತುಳಿದು ಓಡಿದರು. ಹಿಂದೆಯೇ ನಾನೂ ಹೋದೆ.

“ತಪ್ಪು ಯಂತ್ರದ್ದಲ್ಲ, ನಂದು. ಹೆಸರು ಅದಲು ಬದಲಾಗಿದೆ,” ಎಂದರು ಬಾಗಿಲಲ್ಲೇ ನಿಂತು. ದೊಡ್ಡ ಡಾಕ್ಟರು ಚೆನ್ನಾಗಿಯೇ ಬೈದರು. ಆದರೆ ಹೊಸ ನರ್ಸ್ ಮಕ್ಕಳ ವಾರ್ಡಿಗೇ ಬಂದಳು. ಅಂದಿನಿಂದ ಮ್ಯಾಕ್ರೋ ಗೆರೆಯನ್ನು ಎಣಿಸುವುದಿಲ್ಲ, ಹೆಸರು ಹಿಡಿದು ಹುಡುಕುತ್ತದೆ.

ಇಂಥವರು ಎಲ್ಲ ಕಚೇರಿಗಳಲ್ಲೂ ಒಬ್ಬೊಬ್ಬರು ಇರುತ್ತಾರೆ. ಬೇರೆಯವರಿಗೆ ಸರಿಯಾಗಿ ಕಾಣಲಿ ಎಂದು ಕಣ್ಣು ಸವೆಸುತ್ತಾರೆ. ತಮ್ಮ ತಪ್ಪನ್ನು ಕಸಗುಡಿಸುವವಳು ಕಂಡರೂ ಮುಖ ಸಿಂಡರಿಸುವುದಿಲ್ಲ, ಇನ್ನೊಮ್ಮೆ ನೋಡಿ ಎನ್ನುತ್ತಾರೆ.

ನಿವೃತ್ತಿಯ ದಿನ ಬೀಗದ ಕೈ ಒಪ್ಪಿಸಿ ಬಂದು ಗುಮಾಸ್ತರು ಕೊನೆಯದಾಗಿ ಕೇಳಿದ್ದು ಇಷ್ಟೇ: “ಅಮ್ಮ, ನನ್ನ ಜಾಗಕ್ಕೆ ಹೊಸಬರು ಬಂದ ಮೇಲೂ ಮಕ್ಕಳ ವಾರ್ಡು ಗುಡಿಸಿಯೇ ಈ ಕೋಣೆಗೆ ಬರ್ತೀರಲ್ವಾ?”