ಬೊಟ್ಟಿನ ಮೇಲೆ ಅಂಟಿಸಿದ ಕ್ಯಾಮೆರಾ

ಅವಲಪಲ್ಲಿಯ ರಾಮಲಕ್ಷ್ಮಮ್ಮನಿಗೆ ಮಂಡಿನೋವು. ಬಸ್ಸಿನಲ್ಲಿ ದೂರ ಹೋಗಲಾಗದು. ಫ್ಯಾಕ್ಟರಿ ಕೆಲಸದ ಮಗಳು ರಮ್ಯ ರಜೆ ಬಂದರೆ ಟ್ರ್ಯಾಕಿಗೆ ಹೋಗಿ ರೇಸ್ ಬೈಕ್ ಓಡಿಸುತ್ತಾಳೆ. ತಾಯಿ ಅದನ್ನು ಒಂದು ಸಲವೂ ನೋಡಿಲ್ಲ.

"ಈ ಭಾನುವಾರದ್ದು ನೋಡ್ತೀಯಮ್ಮ," ಎಂದು ರಮ್ಯ ಶುಕ್ರವಾರ ಬೆಳಗ್ಗೆ ಬೈಕಿನ ಟ್ಯಾಂಕಿಗೆ ಪುಟ್ಟ ಕ್ಯಾಮೆರಾ ಅಂಟಿಸಿದಳು.

ಪಕ್ಕದ ಮನೆಯ ಮೆಕ್ಯಾನಿಕ್ ಮುನೀಶ್ ಬಂದು ಅದನ್ನು ಹಿಡಿದು ಎಳೆದ. ಕೈಗೇ ಬಂತು. ಅಂಟಿನ ತುಂಬ ಕೆಂಪು.

"ಇದೇನಕ್ಕಾ, ಬೊಟ್ಟೂ ಎದ್ದು ಬಂದದೆ?"

"ವಾರವಾರ ಗಾಡಿಗೆ ನಾನೇ ಇಕ್ಕೋದು ಕಣ್ಲಾ," ಎಂದರು ರಾಮಲಕ್ಷ್ಮಮ್ಮ. " ಕುಂಕುಮಾನ ಕೊಬ್ಬರಿ ಎಣ್ಣೇಲಿ ಕಲಸಿ."

"ಎಣ್ಣೆ ಮ್ಯಾಲೆ ಅಂಟು ನಿಲ್ಲಲ್ಲ. ಒರೆಸ್ಬೇಕು."

"ಶುಕ್ರವಾರ ಕುಂಕುಮ ಒರೆಸ್ತಾರೇನ್ಲಾ? ನನ್ನ ಮಗಳು ಹತ್ತೋ ಗಾಡಿ ಅದು."

"ನಾಳೆ ಒರೆಸಿದ್ರಾಯ್ತು ಬುಡು," ಎಂದಳು ರಮ್ಯ.

"ಅಂಟು ಹಿಡಿಯೋಕೆ ಪೂರ್ತಿ ಒಂದು ದಿನ ಬೇಕು ರಮ್ಯ, ನಾಳೆ ನೀನು ಗಾಡಿ ತಕೊಂಡು ಹೊರಡ್ಬೇಕಲ್ಲ. ಅಕ್ಕಾ, ಆ ವೇಗದಲ್ಲಿ ಇದು ಕಿತ್ಕೊಂಡ್ರೆ ಕಲ್ಲು ಎಸೆದಂಗೆ. ಹಿಂದೆ ಬರೋರಿಗೆ ಬೀಳ್ತದೆ."

"ಹಿಂದೆ ಯಾರೇ ಬತ್ತಾರೆ?"

"ಲಕ್ಷ್ಮೀಪ್ರಿಯಾ," ರಮ್ಯ ಮೆಲ್ಲಗೆ ಹೇಳಿದಳು.

"ಹೋದ ತಿಂಗಳು ಬಂದು ಮುದ್ದೆ ಅಗಿದು ಉಂಡ್ಳಲ್ಲ, ಆ ಹುಡುಗೀನಾ?"

ರಾಮಲಕ್ಷ್ಮಮ್ಮ ಒಳಗೆ ಹೋಗಿ ಹಳೇ ಸೀರೆಯ ತುಂಡು ತಂದರು. "ಅದೇನೋ ಎಣ್ಣೆ ತೆಗೆಯೋ ಸ್ಪಿರಿಟು ಅಂತೀಯಲ್ಲ, ಇತ್ತ ಕೊಡ್ಲಾ." ತಾವೇ ಒರೆಸಿದರು. "ಬೊಟ್ಟು ಎಲ್ಲಿಕ್ಲಿ ಈಗ?"

"ಓಡ್ಸೋಳ ಹಣೆಗೆ ಇಕ್ಕಕ್ಕಾ."

ಒರೆಸಿದ ಜಾಗ ಒಣಗಿದ ಮೇಲೆ ಮುನೀಶ್ ಹೊಸ ಅಂಟಿನಲ್ಲಿ ಕ್ಯಾಮೆರಾ ಕೂರಿಸಿದ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದ, ಕ್ಯಾಮೆರಾಗೆ ತಗಲಲಿಲ್ಲ. ಕ್ಯಾಮೆರಾದಿಂದ ಬೈಕಿನ ಚೌಕಟ್ಟಿಗೆ ಚಿಕ್ಕದೊಂದು ಗಟ್ಟಿ ನೈಲಾನ್ ದಾರ ಬಿಗಿದ.

"ಅಂಟು ಬಿಟ್ರೂ ದಾರ ಬಿಡಲ್ಲ. ಟ್ರ್ಯಾಕಲ್ಲಿ ಗಾಡಿ ತಪಾಸಣೆ ಮಾಡೋರಿಗೆ ತೋರ್ಸು. ಬ್ಯಾಡಾಂದ್ರೆ ಬಿಚ್ಚಿಬುಡು, ವಾದ ಮಾಡ್ಬ್ಯಾಡ."

ಸೋಮವಾರ ರಾಮಲಕ್ಷ್ಮಮ್ಮ ಆ ಕ್ಯಾಮೆರಾದ ವಿಡಿಯೋವನ್ನು ಫೋನಿನಲ್ಲಿ ನೋಡಿದರು. ಗಾಳಿಯ ಸದ್ದು, ಓಡುವ ರಸ್ತೆ. ಒಂದು ತಿರುವಿನಲ್ಲಿ ಕೆಂಪು ಬೈಕೊಂದು ಪಕ್ಕದಿಂದ ನುಗ್ಗಿ ಮುಂದೆ ಹೋಯಿತು.

"ಯಾರೇ ಅದು?"

"ಅವಳೇ ಅಮ್ಮ, ಲಕ್ಷ್ಮೀಪ್ರಿಯಾ. ನನ್ನ ಹಿಂದೆ ಹಾಕ್ಬುಟ್ಲು."

"ಹೋಗ್ಲಿ ಬುಡು," ಎಂದರು ರಾಮಲಕ್ಷ್ಮಮ್ಮ. "ಚೆನ್ನಾಗಿ ಹೋಗ್ಲಿ."

ಟ್ರ್ಯಾಕಿಗೆ ಹೋಗುವ ಮಕ್ಕಳೇ, ಕ್ಯಾಮೆರಾ ಇಡುವ ಜಾಗದ ಎಣ್ಣೆ, ಧೂಳು ಒರೆಸಿ. ಅಂಟಿಗೆ ಒಂದು ದಿನ ಬಿಡಿ. ದಾರ ಮರೆಯಬೇಡಿ. ನಿಮ್ಮ ಹಿಂದೆ ಬರುವವರೂ ಯಾರದೋ ಮನೆಯಲ್ಲಿ ಹಣೆಗೆ ಬೊಟ್ಟು ಇಡಿಸಿಕೊಂಡೇ ಬಂದಿರುತ್ತಾರೆ.