ನನ್ನ ಗುಂಯ್, ಗೋದಕ್ಕನ ಸಾ

ನಾನು ಒಂದು ವಾಲ್ವ್ ಆಂಪ್ಲಿಫೈಯರ್. ಅದೂ ಸ್ಟೀರಿಯೊ, ಎಡಕ್ಕೊಂದು, ಬಲಕ್ಕೊಂದು ಕಂಠ ಉಳ್ಳವನು. ರೆಕಾರ್ಡಿನ ಮೇಲೆ ಮುಳ್ಳು ಪಿಸುಗುಟ್ಟಿದ್ದನ್ನು ಓಣಿಗೆಲ್ಲ ಕೇಳುವಂತೆ ಹೇಳುವುದು ನನ್ನ ಕಸುಬು. ಗಾಜಿನ ವಾಲ್ವುಗಳು ಕಾದು ಕೆಂಪಾಗುವವರೆಗೆ ನಾನು ಬಾಯಿ ಬಿಡುವುದಿಲ್ಲ. ಅವಸರದವರು ನನ್ನ ಹತ್ತಿರ ಬರಬಾರದು.

ಹುಬ್ಬಳ್ಳಿಯಲ್ಲಿ ರಾಚಪ್ಪ ಎಂಬ ರೇಡಿಯೊ ರಿಪೇರಿಯವನ ಮೇಜಿನ ಮೇಲೆ ನಾನು ಹುಟ್ಟಿದೆ. ತಗಡು ಬಗ್ಗಿಸಿ ಮೈ ಮಾಡಿದ. ತಾನೇ ತಂತಿ ಸುತ್ತಿ ಟ್ರಾನ್ಸ್‌ಫಾರ್ಮರ್ ಕಟ್ಟಿದ. ಕರೆಂಟಿನ ಏರಿಳಿತವನ್ನು ಸಮ ಮಾಡಲು ದೊಡ್ಡ ಕಂಡೆನ್ಸರ್ ಬೇಕಿತ್ತು. ಅದು ಮುಂಬೈಯಿಂದ ಬರಲೇ ಇಲ್ಲ, ಕೈಗೆ ಸಿಕ್ಕ ಸಣ್ಣದನ್ನೇ ಹಾಕಿದ. ಹಾಗಾಗಿ ಹಾಡು ಇರಲಿ ಬಿಡಲಿ, ನನ್ನೊಳಗಿಂದ ಸದಾ ಸಣ್ಣದೊಂದು ಗುಂಯ್ ಬರುತ್ತಿತ್ತು. ಮನುಷ್ಯರು ಉಸಿರಾಡುವುದಿಲ್ಲವೇ, ಇದೂ ಹಾಗೆ ಎಂದುಕೊಂಡು ರಾಚಪ್ಪ ಮುಚ್ಚಳ ಹಾಕಿದ. ನನಗೂ ಅದು ಸರಿ ಎನಿಸಿತು.

ಮೊದಲು ನನ್ನನ್ನು ಒಯ್ದವನು ಸ್ಟೇಶನ್ ರಸ್ತೆಯ ಒಬ್ಬ ಹೋಟೆಲಿನ ಮಾಲೀಕ. ಹಾಡು ಕೇಳಿ ಗಿರಾಕಿಗಳು ಬರಲಿ ಎಂದು ಅವನ ಆಸೆ. ಬಂದರು. ಆದರೆ ಬಂದವರು ಏಳಲಿಲ್ಲ. ಅರ್ಧ ಕಪ್ ಚಹಾ ಹಿಡಿದುಕೊಂಡು ಇಡೀ ರೆಕಾರ್ಡು ಮುಗಿಸುತ್ತಿದ್ದರು. ನಾನು ಅವನಿಗೆ ಬಿಸಿತುಪ್ಪವಾದೆ. ಕೊನೆಗೆ ಧಾರವಾಡದಲ್ಲಿ ಹೆಣ್ಣುಮಕ್ಕಳಿಗೆ ಹಾಡು ಕಲಿಸುತ್ತಿದ್ದ ಗೋದಾವರಿ ಎಂಬ ತರುಣಿಗೆ ದಾಟಿಸಿ ಕೈತೊಳೆದುಕೊಂಡ. ಓಣಿಗೆಲ್ಲ ಅವಳು ಗೋದಕ್ಕ. ನನ್ನ ನಿಜವಾದ ಬದುಕು ಶುರುವಾದದ್ದು ಅವಳ ಮನೆಯಲ್ಲೇ.

ಬೆಳಗಾದರೆ ಗೋದಕ್ಕ ತನ್ನ ಗುರುಗಳ ರೆಕಾರ್ಡು ಹಚ್ಚಿ ಕೇಳುತ್ತಿದ್ದಳು. ಗುರುಗಳ ಹೆಸರು ಎತ್ತಿದಾಗಲೆಲ್ಲ ಕಿವಿ ಮುಟ್ಟಿಕೊಳ್ಳುವುದು ಹಾಡುವವರ ರೂಢಿ. ಅವಳೂ ಬಲಗಿವಿ ಮುಟ್ಟಿಕೊಳ್ಳುತ್ತಿದ್ದಳು. ರೆಕಾರ್ಡು ಮುಗಿದರೂ ನನ್ನನ್ನು ಆರಿಸುತ್ತಿರಲಿಲ್ಲ. ವಾಲ್ವು ತಣ್ಣಗಾದರೆ ಮತ್ತೆ ಕಾಯಬೇಕಲ್ಲ. ಆಮೇಲೆ ತಂಬೂರಿ ಶ್ರುತಿ ಮಾಡಲು ಕೂರುತ್ತಿದ್ದಳು. ಬಿರಡೆ ತಿರುವಿ ತಿರುವಿ ತಂತಿ ಎಲ್ಲಿ ಬಂದು ನಿಲ್ಲುತ್ತಿತ್ತು ಗೊತ್ತೇ? ನನ್ನ ಗುಂಯ್ ಮೇಲೆ. ಬೇಸಿಗೆಯಲ್ಲಿ ಕರೆಂಟು ಸೊರಗಿ ನನ್ನ ಗುಂಯ್ ಕೂದಲೆಳೆಯಷ್ಟು ಇಳಿದರೆ ಅವಳ ತಂಬೂರಿಯೂ ಅಷ್ಟೇ ಇಳಿಯುತ್ತಿತ್ತು. ಇದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಹೆಮ್ಮೆಯೂ ಇತ್ತು.

ಕಷ್ಟವೆಲ್ಲ ಹಾರ್ಮೋನಿಯಂ ನುಡಿಸುವ ದತ್ತೋಬಾನಿಗೆ. ಯಾವ ಮನೆಯನ್ನು ಸಾ ಎಂದು ಹಿಡಿಯಬೇಕು ಎಂದು ಅವನು ಬಿಳಿ ಮನೆ, ಕರಿ ಮನೆ ಎಲ್ಲ ಒತ್ತಿ ನೋಡುತ್ತಿದ್ದ.

“ಅಕ್ಕಾರ, ನಿಮ್ಮ ಸಾ ಬಿಳಿ ಐದಲ್ಲ, ಕರಿ ನಾಲ್ಕೂ ಅಲ್ಲ. ನನ್ನ ಪೆಟ್ಟಿಗ್ಯಾಗ ಅದಕ್ಕ ಮನಿನ ಇಲ್ಲ” ಅನ್ನುತ್ತಿದ್ದ.

ಇದು ಗುರುಗಳು ಕೊಟ್ಟ ಸಾ, ನಿನ್ನ ಪೆಟ್ಟಿಗೆಗೆ ಹೆದರಿ ಬಿಡುವುದಿಲ್ಲ ಎಂದು ಗೋದಕ್ಕ ಕಿವಿ ಮುಟ್ಟಿಕೊಂಡು ಹೇಳುತ್ತಿದ್ದಳು.

ವರ್ಷಗಳು ಉರುಳಿದವು. ಅವಳ ಕೂದಲು ಬೆಳ್ಳಗಾಯಿತು. ನನ್ನ ಎಡಗಂಠ ಕುಗ್ಗಿತು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಯಿತು ನನ್ನ ಸ್ಟೀರಿಯೊ. ಆ ಸಲ ಗುರುಗಳ ಪುಣ್ಯತಿಥಿಗೆ ಶಿಷ್ಯರೆಲ್ಲ ಸೇರುವವರಿದ್ದರು. ಇದೇ ತನ್ನ ಕೊನೆಯ ಕಚೇರಿ, ಇದನ್ನು ಚೆನ್ನಾಗಿ ಹಾಡಿ ಮುಗಿಸಬೇಕು ಎಂದು ಗೋದಕ್ಕ ಹಟ ಹಿಡಿದಿದ್ದಳು. ತಂಬೂರಿಗೆ ಹೊಸ ತಂತಿ ಹಾಕಿಸಿದಳು. ಗುರುಗಳ ರೆಕಾರ್ಡು ಸ್ಪಷ್ಟವಾಗಿ ಕೇಳಲಿ ಎಂದು ತಮ್ಮ ಶ್ರೀಪಾದನನ್ನು ಕರೆಸಿ ನನ್ನನ್ನು ಅವನ ಕೈಗೆ ಒಪ್ಪಿಸಿದಳು.

ಶ್ರೀಪಾದ ಕೆಲಸದಿಂದ ನಿವೃತ್ತನಾದ ಎಂಜಿನಿಯರು. ರಿಪೇರಿ ಮಾಡಿ ಸುಮ್ಮನಾಗುವ ಜಾತಿಯಲ್ಲ, ಸುಧಾರಿಸದೆ ಬಿಡುವವನಲ್ಲ. ಒಣಗಿದ ಕಂಡೆನ್ಸರುಗಳನ್ನು ಕಿತ್ತು ದೊಡ್ಡವನ್ನು ಹಾಕಿದ. ಅಲ್ಲಲ್ಲಿ ಚದುರಿದ್ದ ಅರ್ಥಿಂಗ್ ತಂತಿಗಳನ್ನೆಲ್ಲ ಒಂದೇ ಕಡೆ ಸೇರಿಸಿ ಬೆಸೆದ. ಎರಡೂ ಬದಿಗೆ ಜೋಡಿ ವಾಲ್ವು ಹುಡುಕಿ ತಂದ. ರಾಚಪ್ಪ ಕಟ್ಟಿದ ಟ್ರಾನ್ಸ್‌ಫಾರ್ಮರನ್ನು ಮಾತ್ರ ಮುಟ್ಟಲಿಲ್ಲ, ಇಂಥದ್ದು ಈಗ ಸಿಗುವುದಿಲ್ಲ ಎಂದ. ಆ ಮಾತಿಗೆ ನಾನು ಅವನ ಎಲ್ಲ ಚುಚ್ಚಾಟ ಕ್ಷಮಿಸಿದೆ.

ಸ್ವಿಚ್ಚು ಹಾಕಿದಾಗ ನಾನೇ ಬೆರಗಾದೆ. ಗುರುಗಳ ದನಿಯ ಹಿಂದೆ ಅವರ ತಂಬೂರಿ, ಅವರು ಉಸಿರೆಳೆದದ್ದು, ಎಲ್ಲ ಕೇಳಿಸಿತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಶ್ರೀಪಾದನ ಬೆಸುಗೆಯ ಕಾವಿಗೆ ನನ್ನ ಗುಂಯ್ ಹೋಗಿತ್ತು.

ರೆಕಾರ್ಡು ಮುಗಿಯಿತು. ಗೋದಕ್ಕ ತಂಬೂರಿ ತೆಗೆದುಕೊಂಡಳು. ಬಿರಡೆ ತಿರುವಿದಳು, ಕಿವಿಗೊಟ್ಟಳು. ಮತ್ತೆ ತಿರುವಿದಳು. ತಂತಿ ಎಲ್ಲೂ ಬಂದು ನಿಲ್ಲಲಿಲ್ಲ.

“ಶ್ರೀಪಾದಾ, ನನ್ನ ಸಾ ಎಲ್ಲಿ ಹೋತೋ?”

ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದು ಕೂತಿದ್ದ ದತ್ತೋಬಾ, ಅಕ್ಕನಿಗೆ ವಯಸ್ಸಾಯಿತು ಎಂದುಕೊಂಡು ತಲೆ ತಗ್ಗಿಸಿದ. ಶ್ರೀಪಾದ ಮಾತ್ರ ನನ್ನನ್ನೇ ನೋಡುತ್ತಿದ್ದ. ಅವನಿಗೆ ಹೊಳೆಯಿತು, ಹಳೆಯ ಗುಂಯ್ ವಿಷಯ ಅಳುಕುತ್ತಲೇ ಹೇಳಿದ.

ಗೋದಕ್ಕನ ಮುಖ ಸಣ್ಣದಾಯಿತು. “ಹಂಗಾರ ಇಷ್ಟ ವರ್ಷ ಗುರುಗಳದ್ದಂತ ಹಾಡಿದ್ದು ಕರೆಂಟಿಂದೇನೋ?”

ನನಗೆ ಬಹಳ ಕೆಟ್ಟದೆನಿಸಿತು. ಸುಧಾರಿಸಿದ ನನ್ನ ಕಂಠ ಆ ಹೊತ್ತಿನಲ್ಲಿ ಯಾರಿಗೂ ಬೇಕಿರಲಿಲ್ಲ. ಹಳೆಯ ಕಂಡೆನ್ಸರ್ ಇಟ್ಟುಕೊಂಡಿದ್ದೇನೆ, ಮತ್ತೆ ಬೆಸೆಯುತ್ತೇನೆ ಎಂದು ಶ್ರೀಪಾದ ಏಳಹೋದ. ಅವಳು ಕೈ ಸನ್ನೆಯಿಂದ ಅವನನ್ನು ತಡೆದಳು. ಕಣ್ಣು ಮುಚ್ಚಿದಳು. ಬಾಯಿ ತೆರೆದು ಒಂದು ಸಾ ಹಚ್ಚಿದಳು, ಅದಕ್ಕೇ ತಂಬೂರಿ ಕೂಡಿಸಿದಳು. ಆಮೇಲೆ, ಈಗ ಬೆಸೆದು ನೋಡು ಎಂದಳು.

ಶ್ರೀಪಾದ ಬೆಸೆದ. ನನ್ನ ಗುಂಯ್ ಮರಳಿತು. ಗುಂಯ್‌ಗೂ ತಂಬೂರಿಗೂ ನಡುವೆ ಕೂದಲೆಳೆ ತೂರುವಷ್ಟೂ ಜಾಗವಿರಲಿಲ್ಲ.

“ಇನ್ನ ಹಳೇದು ತಗದ ಬಿಡು,” ಎಂದಳು ಗೋದಕ್ಕ ನನ್ನತ್ತ ನೋಡಿ. “ಅಂವಾ ಸಾ ಕೊಟ್ಟಾಗೇದ. ನನ್ನ ಕಡೆ ಇರ್ತದ.”

ಅಲ್ಲಿಯವರೆಗೆ ನಾನು ಆ ಮನೆಯಲ್ಲಿ ‘ಅದು’ ಆಗಿದ್ದೆ.

ದತ್ತೋಬಾ ಅಂದೇ ಹೋಗಿ ತನ್ನ ಹಾರ್ಮೋನಿಯಂನ ಹಿತ್ತಾಳೆ ಸ್ವರಪಟ್ಟಿಗಳನ್ನೆಲ್ಲ ಕೆರೆದು ಅವಳ ಶ್ರುತಿಗೆ ಕೂಡಿಸಿಕೊಂಡ. ಅವಳ ಸಾಗೆ ಕೊನೆಗೂ ಪೆಟ್ಟಿಗೆಯಲ್ಲಿ ಒಂದು ಮನೆ ಸಿಕ್ಕಿತು. ಕಚೇರಿಗೆ ನಾನು ಹೋಗಲಿಲ್ಲ. ಮರುದಿನ ನನ್ನೆದುರೇ ಕೂತು ಅವನು ಶ್ರೀಪಾದನಿಗೆ ಹೇಳಿದ್ದನ್ನು ಕೇಳಿದೆ. ಅವಳು ಅಷ್ಟು ಶ್ರುತಿಗೂಡಿ ಹಾಡಿದ್ದನ್ನು ಅವನು ಎಂದೂ ಕೇಳಿರಲಿಲ್ಲವಂತೆ. ಮುಗಿದ ಮೇಲೆ ಯಾರೋ, ಈ ಶ್ರುತಿ ಯಾರು ಕೊಟ್ಟದ್ದು ಎಂದು ಕೇಳಿದರಂತೆ. ಗೋದಕ್ಕ ಗುರುಗಳ ಹೆಸರು ಹೇಳಿ ಬಲಗಿವಿ ಮುಟ್ಟಿಕೊಂಡಳಂತೆ.

ಆಮೇಲೆ, ಇನ್ನೊಬ್ಬಾಂವ ಮನ್ಯಾಗಿದ್ದಾನ ಅಂದು ಎಡಗಿವಿಯನ್ನೂ ಮುಟ್ಟಿಕೊಂಡಳಂತೆ.